ಟಿಸಿ ಪುಸ್ತಕದಿಂದ ಮಾನ್ಯತೆ ಆದೇಶದವರೆಗೆ: ನಮ್ಮ ಮಠದ ಶಾಲೆಯ ಐದು ವರ್ಷದ ಯೋಜನೆ

ಮಾನ್ಯತೆಯ ಆದೇಶ ಹೋದ ವಾರ ಕೈಗೆ ಬಂತು. ಎಲ್‌ಕೆಜಿ, ಯುಕೆಜಿ ಮತ್ತು ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ನಮ್ಮ ಶಾಲೆಗೆ ಅನುಮತಿ ಸಿಕ್ಕಿದೆ. ಆದೇಶ ಎರಡೇ ಹಾಳೆ, ಅದಕ್ಕಾಗಿ ಕಟ್ಟಿದ ಫೈಲು ಮಾತ್ರ ಒಂದು ಕೈಯಲ್ಲಿ ಎತ್ತಲು ಬರುವುದಿಲ್ಲ. ಅಕ್ಕಪಕ್ಕದ ತಾಲ್ಲೂಕುಗಳ ಮಠದ ಸಂಸ್ಥೆಯವರು ಫೋನ್ ಮಾಡಿ "ನೀವು ಹೆಂಗ ಮಾಡಿದ್ರಿ, ನಮಗೂ ಸ್ವಲ್ಪ ಹೇಳ್ರಿ" ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರು. ಮೊದಲು ಮಠದ ಉಚಿತ ಪ್ರಸಾದ ನಿಲಯ, ಅದರ ಬೆನ್ನಿಗೆ 1960ರ ದಶಕದಲ್ಲಿ ಹೈಸ್ಕೂಲು, ಬಹಳ ತಡವಾಗಿ 1998ರಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ. ಹೈಸ್ಕೂಲಿಗೆ ಅನುದಾನವಿದೆ, ಪ್ರಾಥಮಿಕಕ್ಕೆ ಇಲ್ಲ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆಗೆ ಈಗಾಗಲೇ ಗಡ್ಡ ಬೆಳೆದಿದೆ. ಒಂದು ಕಾಲಕ್ಕೆ ನಮ್ಮ ಒಂದನೇ ತರಗತಿಗೆ ಎರಡು ವಿಭಾಗ ಮಾಡುತ್ತಿದ್ದೆವು. ಈಚೆಗೆ ಒಂದೇ ಕೋಣೆಯಲ್ಲಿ ಒಂದನೇ, ಎರಡನೇ ತರಗತಿ ಕೂಡಿಸಿ ಕಲಿಸುವ ಸ್ಥಿತಿ ಬಂದಿತ್ತು.

ಬೈಪಾಸಿನ ಹತ್ತಿರ ಒಂದು ಸಿಬಿಎಸ್‌ಇ ಶಾಲೆ ಎದ್ದಿದೆ. ಊರೊಳಗೆ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿವೆ, ಕಾನ್ವೆಂಟ್ ಇದೆ. ನಮ್ಮ ಆಡಳಿತ ಮಂಡಳಿಯವರು ಸ್ಪರ್ಧೆ ಅಂದರೆ ಇಷ್ಟೇ ಎಂದುಕೊಂಡಿದ್ದರು. ಸರ್ಕಾರವೂ ಕಣದಲ್ಲಿದೆ ಅನ್ನುವುದು ಯಾರ ಲೆಕ್ಕದಲ್ಲೂ ಇರಲಿಲ್ಲ. 2019–20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ಕರ್ನಾಟಕ ಪಬ್ಲಿಕ್ ಸ್ಕೂಲ್ ಇರುವ ಊರಲ್ಲಿ ಎಲ್‌ಕೆಜಿಗೆ ಹೊಕ್ಕ ಮಗು ಅದೇ ಆವರಣದಲ್ಲಿ ಪಿಯುಸಿ ಮುಗಿಸಬಹುದು. ಫೀ ಇಲ್ಲ, ಊಟ ಉಂಟು.

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ, ಬ್ಯಾಂಕಿನಿಂದ ನಿವೃತ್ತನಾಗಿ ಊರಿಗೆ ಬಂದವನು. ಜಾತ್ರೆ ಮುಗಿದ ಮೇಲೆ ಮಠದ ಸ್ವಾಮಿಗಳು, ಅಂದರೆ ನಮ್ಮ ಅಜ್ಜಾರು, ಕರೆಸಿ ಹೇಳಿದ್ದು ಇಷ್ಟು: "ಮ್ಯಾನೇಜರ್ರ, ಸಾಲಿ ಉಳೀತೈತೋ ಇಲ್ಲೋ ಲೆಕ್ಕಾ ಹಾಕಿ ಹೇಳ್ರಿ. ಬಾಯಿಮಾತು ಬ್ಯಾಡ, ಕಾಗದದ ಮ್ಯಾಲ ಬರ್ಲಿ."

ಲೆಕ್ಕ ಎಲ್ಲಿಂದ ಶುರು ಮಾಡುವುದು? ನಾನು ಕೇಳಿದ್ದು ಟಿಸಿ ಪುಸ್ತಕವನ್ನು. ಹತ್ತು ವರ್ಷದ ಅಡಿಪ್ರತಿಗಳನ್ನು ಹೆಡ್‌ಮಾಸ್ತರರ ಕಪಾಟಿನಿಂದ ತೆಗೆಸಿದೆ. ಶಾಲೆ ಬಿಡಲು ಕಾರಣ ಎಂಬ ಕಲಮಿನಲ್ಲಿ ಎಲ್ಲ ಕಡೆ ಒಂದೇ ಬರಹ: "ಪಾಲಕರ ಇಚ್ಛೆ". ಅದನ್ನು ಓದಿ ಏನೂ ತಿಳಿಯುವುದಿಲ್ಲ. ಆದರೆ ಮಗು ಯಾವ ತರಗತಿ ಮುಗಿಸಿ ಹೋಯಿತು, ಯಾವ ಹಳ್ಳಿಯದು ಎಂದು ಬರೆದುಕೊಳ್ಳುತ್ತ ಹೋದರೆ ತೂತು ಎಲ್ಲೆಲ್ಲಿದೆ ಎಂದು ಕಾಣುತ್ತದೆ. ಬಿಟ್ಟವರಲ್ಲಿ ಹೆಚ್ಚಿನವರು ಐದನೇ ತರಗತಿ ಮುಗಿಸಿದವರು. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯ, ಎಲ್ಲವೂ ಪರೀಕ್ಷೆ ಮಾಡಿ ಆರನೇ ತರಗತಿಗೆ ತೆಗೆದುಕೊಳ್ಳುತ್ತವೆ. ಅಂದರೆ ನಮ್ಮ ಜಾಣ ಮಕ್ಕಳನ್ನು ಒಯ್ದದ್ದು ಸಿಬಿಎಸ್‌ಇ ಶಾಲೆಯಲ್ಲ. ಇನ್ನೊಂದು ತೂತು ಟಿಸಿ ಪುಸ್ತಕದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಆ ಮಕ್ಕಳು ನಮ್ಮಲ್ಲಿಗೆ ಬಂದೇ ಇರಲಿಲ್ಲ. ಎಲ್‌ಕೆಜಿಗೆ ಒಂದು ಕಡೆ ಹೊಕ್ಕ ಮಗುವನ್ನು ಒಂದನೇ ತರಗತಿಗೆ ಬಿಡಿಸಿ ತರುವ ಪಾಲಕರು ಎಲ್ಲಿದ್ದಾರೆ? ಒಂದನೇ ತರಗತಿಯಿಂದ ಶುರುವಾಗುವ ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಹಂಚಿಹೋಗಿರುತ್ತಾರೆ.

ನೀವೂ ಈ ಕೆಲಸಕ್ಕೆ ಇಳಿಯುವವರಾದರೆ, ಸಲಹೆಗಾರರನ್ನು ಕರೆಸುವ ಮೊದಲು ಟಿಸಿ ಪುಸ್ತಕ ಮತ್ತು ದಾಖಲಾತಿ ರಿಜಿಸ್ಟರ್ ಇಟ್ಟುಕೊಂಡು ಕೂತುಬಿಡಿ. ನಮಗೂ ಧಾರವಾಡದ ಕಡೆಯಿಂದ ಒಬ್ಬರು ಬಂದು ಬಣ್ಣಬಣ್ಣದ ಸ್ಲೈಡು ತೋರಿಸಿ, ಲಕ್ಷದ ಮೇಲೆ ಫೀ ಹೇಳಿ ಹೋದರು. ಅವರ ಯೋಜನೆಯಲ್ಲಿ ಶಾಲೆಯ ಹೆಸರಿನ ಮುಂದೆ "ಇಂಟರ್‌ನ್ಯಾಷನಲ್" ಅಂತ ಸೇರಿಸುವುದು ಮೊದಲನೇ ಅಂಶವಾಗಿತ್ತು.

ಆಮೇಲೆ ಮನೆಮನೆಗೆ ಹೋದೆವು. ನಾನು, ಹೆಡ್‌ಮಾಸ್ತರರು, ಒಬ್ಬ ಅಕ್ಕೋರು, ಅಂದರೆ ಶಿಕ್ಷಕಿ. ಒಂದು ಹಳ್ಳಿಯಲ್ಲಿ ಅಂಗಳದ ತುಂಬ ಬ್ಯಾಡಗಿ ಮೆಣಸಿನಕಾಯಿ ಹರಡಿತ್ತು. ತೊಟ್ಟು ಬಿಡಿಸುತ್ತಿದ್ದ ತಾಯಿ ಕೈ ನಿಲ್ಲಿಸದೆ ಮಾತಾಡಿದಳು. ಘಾಟಿಗೆ ನಮ್ಮ ಮೂವರ ಕಣ್ಣಲ್ಲೂ ನೀರು, ಆಕೆಗೆ ಏನೂ ಇಲ್ಲ. "ಸಾಲಿ ಮ್ಯಾಲ ನಮಗೇನ ಸಿಟ್ಟಿಲ್ರೀ ಸರ. ಅವರ ಗಾಡಿ ಬಾಗಲಕ್ಕ ಬರ್ತೈತಿ. ನಾ ಎಂಟಕ್ಕ ಕೂಲಿಗೆ ಹೋಗಬೇಕು, ಹುಡುಗನ್ನ ನಿಮ್ಮ ಸಾಲಿಗೆ ಮುಟ್ಟಸಾವ್ರು ಯಾರು?" ಇಂಗ್ಲಿಷ್ ಬಗ್ಗೆ ಕೇಳಿದೆ. "ಇಂಗ್ಲಿಷು ಬೇಕ್ರಿ. ಆದ್ರ ಮೊದಲ ಗಾಡಿ."

ಇನ್ನೊಂದು ಮಾತು ಹಲವು ಮನೆಗಳಲ್ಲಿ ಬಂತು. ಫೀ ಜೂನ್‌ನಲ್ಲಿ ಕೇಳುತ್ತಾರೆ, ಆಗಲೇ ಬೀಜ, ಗೊಬ್ಬರ ತರಬೇಕು. ಗೋವಿನಜೋಳ ಮಾರಿ ಕೈಯಲ್ಲಿ ದುಡ್ಡು ಕಾಣುವುದು ದೀಪಾವಳಿ ಕಳೆದ ಮೇಲೆ, ಮೆಣಸಿನಕಾಯಿಯದು ಇನ್ನೂ ತಡ. ನಾವು ಕೃಷಿ ಸಾಲ ಕೊಡುವಾಗ ಬ್ಯಾಂಕಿನಲ್ಲಿ ಕಂತನ್ನು ಸುಗ್ಗಿಗೆ ಹೊಂದಿಸುತ್ತಿದ್ದೆವು. ಅದನ್ನೇ ಇಲ್ಲಿಗೆ ತಂದೆ. ಈಗ ನಮ್ಮಲ್ಲಿ ಎಲ್‌ಕೆಜಿ ಫೀ ವರ್ಷಕ್ಕೆ ₹12,000. ಜೂನ್‌ನಲ್ಲಿ ಎರಡು ಸಾವಿರ, ಡಿಸೆಂಬರ್‌ನಲ್ಲಿ ಐದು, ಮಾರ್ಚ್‌ನಲ್ಲಿ ಐದು. ಯೋಜನೆಯ ಎಲ್ಲ ಪುಟಗಳಲ್ಲಿ ಪಾಲಕರು ಬಾಯಿಬಿಟ್ಟು ಮೆಚ್ಚಿದ್ದು ಇದೊಂದನ್ನೇ.

ಮಂಡಳಿಯ ಸಭೆಗಳ ಕಥೆ ಬೇರೆ. ಒಬ್ಬ ಹಿರಿಯ ಸದಸ್ಯರು ಶುರುವಿಗೇ ನೇರವಾಗಿ ಹೇಳಿದರು: "ಸಾಲಿ ಬಂದ್ ಮಾಡಿ ಕಲ್ಯಾಣ ಮಂಟಪ ಕಟ್ಟೂಣ್ರಿ. ಪೇಟಿ ನಡುವಿನ ಜಾಗಾ. ಮಠಕ್ಕ ಆದಾಯ ಬರ್ತೈತಿ." ಯಾರೂ ನಗಲಿಲ್ಲ. ಲೆಕ್ಕದಲ್ಲಿ ಅವರ ಮಾತು ತಪ್ಪಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕೋರು ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದರು. ಅವರು ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ, ತಿಂಗಳಿಗೆ ₹10,000 ಪಗಾರ. ಆ ದಿನ ಮನೆಗೆ ಹೋದ ಮೇಲೂ ನನಗೆ ಊಟ ಸೇರಲಿಲ್ಲ.

ಅದೇ ಅಕ್ಕೋರ ವಿಷಯಕ್ಕೆ ಒಂದು ಲೆಕ್ಕ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರ್ಯಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಉಂಟು. ಅದಕ್ಕಾಗಿ ಕಾಯ್ದೆಗೆ ತಂದ 2009ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಕೊನೆಯ ತಿಂಗಳ ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಹತ್ತು ಸಾವಿರಕ್ಕೆ, ಇಪ್ಪತ್ತು ವರ್ಷಕ್ಕೆ, ಸುಮಾರು ₹1.15 ಲಕ್ಷ. ನಮ್ಮ ಯಾವ ಆಡಿಟ್ ವರದಿಯಲ್ಲೂ ಈ ಬಾಕಿ ಇರಲಿಲ್ಲ. "ಸಾಲಿ ಬಂದ್ ಮಾಡೂಣು" ಅನ್ನುವವರು ಮೊದಲು ಈ ಮೊತ್ತ ಕೂಡಿಸಿ ನೋಡಬೇಕು. ನಾನು ಕೂಡಿಸಿ ಓದಿದ ಮೇಲೆ ಕಲ್ಯಾಣ ಮಂಟಪದ ಮಾತು ಸ್ವಲ್ಪ ತಣ್ಣಗಾಯಿತು.

ಎರಡನೇ ಪಂಗಡ ಸಿಬಿಎಸ್‌ಇ ಬೇಕು ಅನ್ನುವ ತರುಣರದು. ಊರಿನ ಡಾಕ್ಟರು, ಇಬ್ಬರು ಎಂಜಿನಿಯರುಗಳು. ಸಾಮಾನ್ಯವಾಗಿ ಸಿಬಿಎಸ್‌ಇ ಕೇಳುವುದು 8,000 ಚದರ ಮೀಟರ್, ಅಂದರೆ ಹತ್ತಿರಹತ್ತಿರ ಎರಡು ಎಕರೆ, ಒಂದೇ ತುಂಡಿನ ಜಾಗ. ಊರಿನ ದರ್ಜೆ ನೋಡಿ ರಿಯಾಯಿತಿ ಇದೆ, ಆದರೆ ನಮ್ಮ ಪೇಟೆಯ ಜಾಗ ಅದಕ್ಕೂ ಸಾಲದು. ಇವೆಲ್ಲ ಒತ್ತಟ್ಟಿಗಿರಲಿ, ನಮ್ಮ ಮನೆಭೇಟಿಯ ವಹಿಯಲ್ಲಿ ಒಬ್ಬ ಪಾಲಕರೂ ಸಿಬಿಎಸ್‌ಇ ಎಂದು ಕೇಳಿರಲಿಲ್ಲ. ಅವರಿಗೆ ಬೇಕಾದದ್ದು ಗಾಡಿ, ಎಲ್‌ಕೆಜಿ, ಇಂಗ್ಲಿಷ್, ಸಂಜೆಯ ಅಭ್ಯಾಸ. ಈ ವಹಿ ಇರದಿದ್ದರೆ ಡಾಕ್ಟರರ ಮಾತೇ ಗೆಲ್ಲುತ್ತಿತ್ತು.

ಶ್ರಾವಣ ಬಂತು. ಒಂದು ತಿಂಗಳು ಪ್ರವಚನ, ಅಜ್ಜಾರಿಗೆ ಬಿಡುವಿಲ್ಲ, ಸಭೆ ಇಲ್ಲ. ಮಠದ ಪಂಚಾಂಗ ಬೇರೆ, ಶಿಕ್ಷಣ ಇಲಾಖೆಯ ಪಂಚಾಂಗ ಬೇರೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ದಿನ ಗೊತ್ತುಮಾಡಿ. ಆದರೆ ಪ್ರವಚನಕ್ಕೆ ಹಳ್ಳಿಹಳ್ಳಿಯಿಂದ ಜನ ಬರುತ್ತಾರಲ್ಲ, ಅದೇ ನಮಗೆ ಪಾಲಕರ ಸಭೆಯಾಯಿತು. ಪ್ರಸಾದಕ್ಕೆ ಮುಂಚೆ ಅರ್ಧ ತಾಸು ಶಾಲೆಯ ಮಾತು.

ಅಲ್ಲೊಬ್ಬ ತಾಯಿ ಎದ್ದು ಕೇಳಿದ ಪ್ರಶ್ನೆಗೆ ಸಭೆ ಗಪ್ ಆಯಿತು. "ಅಜ್ಜಾರ, ಸರ್ಕಾರಿ ಸಾಲ್ಯಾಗ ಹುಡುಗರಿಗೆ ತತ್ತಿ ಕೊಡ್ತಾರ್ರಿ. ಇಲ್ಲಿ ಯಾಕ ಕೊಡಂಗಿಲ್ರಿ?" ಅನುದಾನಿತ ಹೈಸ್ಕೂಲಿಗೆ ಬಿಸಿಯೂಟವಿದೆ, ಪ್ರಾಥಮಿಕದ ಮಕ್ಕಳಿಗೆ ಮಠದ ದಾಸೋಹ. ಸರ್ಕಾರವೇ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂದು ಇಟ್ಟಿದೆ, ನಮ್ಮಲ್ಲಿ ಎಲ್ಲರಿಗೂ ಅದೇ. ಅಜ್ಜಾರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಠದ ಒಲಿ ಮ್ಯಾಲ ಅದು ಆಗಂಗಿಲ್ಲವಾ. ಹಣ್ಣು, ಹಾಲು ಮಾತ್ರ ಯಾರಿಗೂ ತಪ್ಪಂಗಿಲ್ಲ" ಅಂದರು. ಆಕೆ ಕೂತಳು, ಒಪ್ಪಿದಳೋ ಇಲ್ಲವೋ ಹೇಳಲಾರೆ. ನನ್ನ ಅಭಿಪ್ರಾಯ ಅಜ್ಜಾರಿಗಿಂತ ಸ್ವಲ್ಪ ಬೇರೆ, ಅದು ಅವರಿಗೂ ಗೊತ್ತು. ಏನೇ ಇರಲಿ, ಇಂಥ ನಿಯಮವನ್ನು ಪ್ರವೇಶ ಪತ್ರದಲ್ಲೇ ಅಚ್ಚು ಹಾಕಿಸಬೇಕು ಅಂದೆ, ಹಾಕಿಸಿದೆವು. ವಚನ ಪ್ರಾರ್ಥನೆಗೂ ಹಾಗೆಯೇ. ನಮ್ಮಲ್ಲಿ ಎಲ್ಲ ಜಾತಿಯ, ಮುಸ್ಲಿಂ ಮನೆಗಳ ಮಕ್ಕಳೂ ಓದುತ್ತಾರೆ. ಮಾನ್ಯತೆ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಪಾಲಕರ ಒಪ್ಪಿಗೆ ಇರಬೇಕು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಒಪ್ಪಿಗೆಗೆ ಒಂದು ಕಲಮು, ಕೆಳಗೆ ಸಹಿ. ಬೇಡ ಅಂದವರ ಮಗು ಆ ಹೊತ್ತು ಗ್ರಂಥಾಲಯದಲ್ಲಿ ಕೂರಬಹುದು. ಇದುವರೆಗೆ ಯಾರೂ ಬೇಡ ಅಂದಿಲ್ಲ.

ದುಡ್ಡಿನ ಪುಟಕ್ಕೆ ಬಂದಾಗ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಹೊಡೆತದ ಅಳತೆ ಸಿಕ್ಕಿತು. ಮೊದಲು ಬಡ, ಹಿಂದುಳಿದ ಮನೆಗಳಿಗೆಂದು ಮೀಸಲಿಟ್ಟ 25% ಸೀಟಿನ ಮಕ್ಕಳಿಗೆ ಸರ್ಕಾರ ಮರುಪಾವತಿ ಕೊಡುತ್ತಿತ್ತು: ಶಾಲೆಯ ನಿಜವಾದ ಖರ್ಚು ಅಥವಾ ₹16,000, ಯಾವುದು ಕಡಿಮೆಯೋ ಅದು. 2019ರಲ್ಲಿ ನಿಯಮ ತಿದ್ದಿದ ಮೇಲೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಹೊಸ ಮಕ್ಕಳು ಸಿಗುವುದಿಲ್ಲ. ಹಳೆಯ ಮಕ್ಕಳು ಮೇಲಿನ ತರಗತಿಗೆ ಹೋಗುತ್ತಿದ್ದಂತೆ ಆ ಹಣವೂ ವರ್ಷದಿಂದ ವರ್ಷಕ್ಕೆ ಕರಗಿತು. ನಿಮ್ಮ ಐದು ವರ್ಷದ ಅಂದಾಜಿನಲ್ಲಿ ಈ ಸಾಲು ಇನ್ನೂ ಇದ್ದರೆ ಅಳಿಸಿಬಿಡಿ. "ಕಾನ್ವೆಂಟಿಗೆ ಆರ್‌ಟಿಇ ಇಲ್ಲ, ನಮಗ್ಯಾಕ?" ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ವಿನಾಯಿತಿ ಅದು. ಲಿಂಗಾಯತರಿಗೆ ಆ ಮಾನ್ಯತೆ ಕೊಡಿ ಎಂದು 2018ರಲ್ಲಿ ರಾಜ್ಯ ಶಿಫಾರಸು ಮಾಡಿದ್ದಕ್ಕೆ ಕೇಂದ್ರ ಒಪ್ಪಲಿಲ್ಲ.

ಜಾತ್ರೆಯಲ್ಲಿ "ಶಾಲಾ ನಿಧಿ" ಎಂದು ಬೇರೆ ಹುಂಡಿ ಇಡೋಣ ಅಂದರು ಇನ್ನೊಬ್ಬರು. ಎಲ್ಲರಿಗೂ ಹಿಡಿಸಿತು, ನಮ್ಮ ಸಿಎ ಮಾತ್ರ ಕೈ ಅಡ್ಡ ಹಿಡಿದರು. ಧರ್ಮ ಮತ್ತು ದಾನ ಎರಡನ್ನೂ ನಡೆಸುವ ಟ್ರಸ್ಟಿಗೆ ಹೆಸರಿಲ್ಲದ ಕಾಣಿಕೆ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಶಾಲೆಗೆಂದೇ ಹೆಸರಿಟ್ಟು ಎತ್ತಿದ ಅನಾಮಧೇಯ ಹಣಕ್ಕೆ ಒಂದು ಮಿತಿ ದಾಟಿದ ಮೇಲೆ 30% ತೆರಿಗೆ. ಹಾಗಾಗಿ ಹುಂಡಿ ಬಿಟ್ಟು ರಸೀದಿ ಪುಸ್ತಕ ಹಿಡಿದೆವು: ಹೆಸರು, ವಿಳಾಸ, ಪ್ಯಾನ್. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಬೇಕೆನ್ನುವ ದಾನಿಗೆ ₹2,000ಕ್ಕಿಂತ ಮೇಲಿನ ನಗದು ನಡೆಯುವುದಿಲ್ಲ, ಚೆಕ್ ಅಥವಾ ಯುಪಿಐ ಕೇಳಿ.

ದೀಪಾವಳಿ ಕಳೆದ ಮೇಲೆ ಅಜ್ಜಾರು ಯೋಜನೆ ಒಪ್ಪಿದರು. ರಾಜ್ಯ ಪಠ್ಯಕ್ರಮವೇ ಇರಲಿ. ಈ ವರ್ಷ ಎಲ್‌ಕೆಜಿ, ಯುಕೆಜಿ, ಒಂದನೇ ತರಗತಿ. ಮುಂದೆ ವರ್ಷಕ್ಕೊಂದು ತರಗತಿ ಮಾತ್ರ. ಕನ್ನಡ ವಿಭಾಗ ಮುಚ್ಚುವುದಿಲ್ಲ. ಪ್ರಸಾದ ನಿಲಯದ ಹಾಲಿನಲ್ಲಿ ಸಂಜೆ ಏಳರವರೆಗೆ ಅಭ್ಯಾಸ, ನಾಲ್ಕು ಮತ್ತು ಐದನೇ ತರಗತಿಯವರಿಗೆ ಮೊರಾರ್ಜಿ, ನವೋದಯ ಪರೀಕ್ಷೆಯ ತಯಾರಿ ನಾವೇ ಮಾಡಿಸುವುದು. ಹೋಗುವ ಮಕ್ಕಳಿಗೆ ನಾವೇ ದಾರಿ ಮಾಡಿಕೊಡುವುದೇ ಎಂದು ಕೆಲವರು ಮುನಿಸಿಕೊಂಡರು. ಆ ತಯಾರಿಗೆಂದೇ ಬೇರೆ ಶಾಲೆ ಹುಡುಕುವ ಪಾಲಕರು ಐದನೇ ತರಗತಿಯವರೆಗಾದರೂ ನಮ್ಮಲ್ಲಿ ಇರುತ್ತಾರೆ ಎಂಬುದು ನನ್ನ ಲೆಕ್ಕ.

ಇನ್ನು ಕಾಗದಪತ್ರ. ಇಲ್ಲಿ ನಮ್ಮನ್ನು ಹೆಚ್ಚು ಕಾಯಿಸಿದ್ದು ಪಹಣಿ. ಜಾಗ ಮಠದ್ದು, ಶಾಲೆ ನಡೆಸುವುದು ವಿದ್ಯಾವರ್ಧಕ ಸಂಘ. ಪಹಣಿಯಲ್ಲಿ ಹೆಸರಿದ್ದದ್ದು ಹಿಂದಿನ ಅಜ್ಜಾರದು, ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷವಾಗಿದೆ. ಮೊದಲು ಈಗಿನ ಪೀಠಾಧಿಪತಿಗಳ ಹೆಸರಿಗೆ ಬದಲಾಗಬೇಕು, ಆಮೇಲೆ ಮಠದಿಂದ ಸಂಘಕ್ಕೆ 30 ವರ್ಷದ ನೋಂದಾಯಿತ ಲೀಸ್. ಪೀಠಾರೋಹಣದ ದಾಖಲೆ ಕೇಳಿದರು. ಸಿಕ್ಕಿದ್ದು ಆಗಿನ ಆಮಂತ್ರಣ ಪತ್ರಿಕೆ ಮತ್ತು ಕಪ್ಪುಬಿಳುಪು ಫೋಟೋ. ಕಡೆಗೆ ಭಕ್ತರ ಸಭೆಯ ಹಳೆಯ ನಡಾವಳಿ ಪುಸ್ತಕ ಪೂಜಾ ಕೋಣೆಯ ಪೆಟ್ಟಿಗೆಯಲ್ಲಿ ಸಿಕ್ಕಿತು, ಅದು ಕೆಲಸಕ್ಕೆ ಬಂತು. ಲೀಸಿನ ಮುದ್ರಾಂಕ ಶುಲ್ಕ ಎಷ್ಟಾಗುತ್ತದೆ ಎಂದು ಉಪನೋಂದಣಿ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿ, ಅದನ್ನು ಬಜೆಟ್ಟಿನಲ್ಲಿ ಸೇರಿಸಿ. ಮಠಗಳವರು ಯೋಜನೆಗೆ ಕೂರುವ ದಿನವೇ ಪಹಣಿ ತೆಗೆಸಿ ನೋಡಬೇಕು.

ಸಂಘದ ವಾರ್ಷಿಕ ವರದಿ, ಆಡಳಿತ ಮಂಡಳಿ ಪಟ್ಟಿಯನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೆಲವು ವರ್ಷ ಸಲ್ಲಿಸಿರಲಿಲ್ಲ. ದಂಡ ಕಟ್ಟಿ ಸರಿಪಡಿಸಿದೆವು. ಲೋಕೋಪಯೋಗಿ ಇಲಾಖೆಯ ಕಟ್ಟಡ ಸುರಕ್ಷತಾ ಪತ್ರ, ನೀರಿನ ಪರೀಕ್ಷೆ, ಶೌಚಾಲಯದ ಫೋಟೋ, ಶಿಕ್ಷಕರ ವಿದ್ಯಾರ್ಹತೆ, ಇವು ಓಡಾಟದ ಕೆಲಸ, ಕಷ್ಟದ್ದಲ್ಲ.

ಅಗ್ನಿಶಾಮಕದವರ ಆಕ್ಷೇಪಣೆ ನಿರೀಕ್ಷೆಯಲ್ಲಿರಲಿಲ್ಲ. ಎಲ್‌ಕೆಜಿಗೆಂದು ಬಣ್ಣ ಹೊಡೆಸಿ, ಗೋಡೆಗೆ ನವಿಲು ಬರೆಸಿದ ಕೋಣೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ದಾಸೋಹದ ಅಡುಗೆಮನೆ ಇದೆ. ಅಧಿಕಾರಿ ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, "ಕುಂಭಕೋಣಂ ನೆನಪೈತಿಲ್ರಿ?" ಅಂದರು. 2004ರ ಜುಲೈ, ತಮಿಳುನಾಡಿನ ಆ ಶಾಲೆಯಲ್ಲಿ ಅಡುಗೆಮನೆಯಿಂದ ಎದ್ದ ಬೆಂಕಿಗೆ 94 ಮಕ್ಕಳು ಹೋದರು. ನಾವು ವಾದಕ್ಕೆ ನಿಲ್ಲಲಿಲ್ಲ. ಎಲ್‌ಕೆಜಿಯನ್ನು ಮುಂಭಾಗದ ಕೆಳಗಿನ ಕೋಣೆಗೆ ತಂದೆವು, ಎರಡನೇ ಬಾಗಿಲು ಒಡೆಸಿದೆವು, ಸಿಲಿಂಡರುಗಳು ಹೊರಗಿನ ಗೂಡಿಗೆ ಹೋದವು. ನವಿಲಿನ ಕೋಣೆ ಈಗ ಸಂಘದ ಸ್ಟೋರ್.

ಅರ್ಜಿ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಜಿಲ್ಲೆಯ ಡಿಡಿಪಿಐ (ಉಪನಿರ್ದೇಶಕರ) ಕಚೇರಿಗೆ ಹೋಗುವ ನಡುವೆ ಎಲ್ಲೋ ಕೂತಿತು. ಆಕ್ಷೇಪಣೆಗಳು ಒಂದೊಂದಾಗಿ ಬಂದವು. ಹೈಸ್ಕೂಲಿನ ಕೋಣೆಗಳನ್ನೇ ಹೊಸ ವಿಭಾಗಕ್ಕೂ ತೋರಿಸಿದ್ದೀರಾ ಅನ್ನುವುದು ಅದರಲ್ಲಿ ಮುಖ್ಯವಾದದ್ದು. ನಕ್ಷೆಯಲ್ಲಿ ಪ್ರತಿ ಕೋಣೆಗೆ ನಂಬರು ಹಾಕಿ, ಯಾವುದು ಯಾವ ವಿಭಾಗದ್ದು ಎಂದು ಬೇರೆ ಬಣ್ಣದಲ್ಲಿ ತೋರಿಸಿದ ಮೇಲೆ ಬಗೆಹರಿಯಿತು. ಟಪಾಲಿನಲ್ಲಿ ಏನೇ ಕೊಟ್ಟರೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಮ್ಮ ಒಂದು ಉತ್ತರ "ಬಂದೇ ಇಲ್ಲ" ಅಂದಾಗ ಆ ಸೀಲು ಕಾಪಾಡಿತು.

ಕಾಯುವ ದಿನಗಳಲ್ಲಿ ಕಷ್ಟವಾದದ್ದು ಪಾಲಕರಿಗೆ ಉತ್ತರ ಕೊಡುವುದು. ಜನವರಿಯಿಂದಲೇ ಬೇರೆ ಶಾಲೆಗಳು ಪ್ರವೇಶ ಶುರು ಮಾಡಿದ್ದವು. "ಅವರಿಗೆ ಪರ್ಮಿಶನ್ನೇ ಇಲ್ಲ" ಎಂಬ ಮಾತು ಊರಲ್ಲಿ ಹಬ್ಬಿತು, ಅದು ಸುಳ್ಳೂ ಆಗಿರಲಿಲ್ಲ. ಆದೇಶ ಬರುವ ತನಕ ಹೆಸರು ಬರೆದುಕೊಂಡೆವು, ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಹೆಸರು ಬರೆಸಿದವರಲ್ಲಿ ಕೆಲವರು ಕಾಯದೆ ಬೇರೆ ಕಡೆ ಹೋದರು. ಉಳಿದವರಿಂದ ಎಲ್‌ಕೆಜಿಯ ಒಂದು ವಿಭಾಗ ತುಂಬಿದೆ, ಯುಕೆಜಿ ಅರ್ಧ, ಒಂದನೇ ತರಗತಿಗೆ ಬೆರಳೆಣಿಕೆಯ ಮಕ್ಕಳು. ಮೊದಲ ವರ್ಷಕ್ಕೆ ನಾನು ಬರೆದಿದ್ದ ಅಂದಾಜಿಗಿಂತ ಇದು ಕಡಿಮೆ, ಕೊರತೆಯನ್ನು ಮಠ ತುಂಬಿಕೊಡುತ್ತಿದೆ.

ಪ್ರವೇಶದ ಹೊತ್ತಿಗೆ ಉಪಯೋಗಕ್ಕೆ ಬರುವ ಎರಡು ವಿಷಯ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 5 ವರ್ಷ 5 ತಿಂಗಳ ಸಡಿಲಿಕೆ ಕೊಟ್ಟದ್ದು 2025–26ಕ್ಕೆ ಮಾತ್ರ. ಎಲ್‌ಕೆಜಿಗೆ ಸೇರಿಸುವಾಗಲೇ ಹುಟ್ಟಿದ ದಿನ ನೋಡಿ ಲೆಕ್ಕ ಹೇಳಿಬಿಡಿ, ಆಮೇಲೆ ಜಗಳ ಬೇಡ. ಎರಡನೆಯದು, ಫೀ ಬಾಕಿ ಎಂದು ಹಳೆಯ ಶಾಲೆ ಟಿಸಿ ಕೊಡದೆ ಸತಾಯಿಸಿದರೂ ಎಂಟನೇ ತರಗತಿಯವರೆಗಿನ ಮಗುವಿನ ಪ್ರವೇಶವನ್ನು ಸರ್ಕಾರಿ, ಅನುದಾನಿತ ಶಾಲೆಗಳು ಆ ಕಾರಣಕ್ಕೆ ತಡೆಯುವಂತಿಲ್ಲ, ಆರ್‌ಟಿಇ ಕಾಯ್ದೆಯಲ್ಲೇ ಇದೆ. ಸ್ಯಾಟ್ಸ್‌ನಲ್ಲಿ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ, ಹೆಸರು ವರ್ಗವಾಗಲು ಬಿಇಒ ಕಚೇರಿಗೆ ಒಂದು ಪತ್ರ ಬರೆಯಬೇಕಾಗುತ್ತದೆ, ಅಷ್ಟೇ.

ಗಾಡಿಯನ್ನು ನಾವು ಕೊಳ್ಳಲಿಲ್ಲ. ಊರಿನವರೇ ಒಬ್ಬರ ವ್ಯಾನನ್ನು ಕರಾರಿಗೆ ತೆಗೆದುಕೊಂಡಿದ್ದೇವೆ: ಹಳದಿ ಬಣ್ಣ, ಶಾಲಾ ವಾಹನದ ಪರ್ಮಿಟ್, ಎಫ್‌ಸಿ, ವಿಮೆ, ವೇಗ ನಿಯಂತ್ರಕ ಎಲ್ಲ ಅವರ ಜವಾಬ್ದಾರಿ, ಮಕ್ಕಳನ್ನು ಇಳಿಸಿ ಹತ್ತಿಸುವ ಅಕ್ಕನ ಪಗಾರ ನಮ್ಮದು. ಮೆಣಸಿನಕಾಯಿ ಬಿಡಿಸುತ್ತಿದ್ದ ತಾಯಿಯ ಹಳ್ಳಿಗೆ ಇನ್ನೂ ಹೋಗುತ್ತಿಲ್ಲ. ಆ ದಾರಿಯಲ್ಲಿ ಸಾಕಷ್ಟು ಮಕ್ಕಳು ಸಿಕ್ಕರೆ ಮುಂದಿನ ವರ್ಷ.

ಫೈಲಿನ ಒಂದು ಪೂರ್ತಿ ನಕಲು ಮಠದ ಕಚೇರಿಯಲ್ಲಿದೆ. ಫೋನ್ ಮಾಡಿದವರು ಬಂದು ನೋಡಬಹುದು, ಬೇಕಾದದ್ದರ ಝೆರಾಕ್ಸ್ ಮಾಡಿಸಿಕೊಳ್ಳಬಹುದು. ಸೋಮವಾರ ಮಾತ್ರ ಬೇಡ, ಅಜ್ಜಾರ ದರ್ಶನಕ್ಕೆ ಗದ್ದಲ, ಕೂತು ಮಾತಾಡಲು ಜಾಗ ಸಿಗುವುದಿಲ್ಲ.